ತಿಂಗಳಿಗೆ ಮೂರು ಖಾಲಿ ಪುಟ

ಹರ್ಷಿತಾಳ ಮನೆಯಲ್ಲಿ ಬೆಳಗಾಗುವುದು ಹಾಲಿನ ಕ್ಯಾನಿನ ಸದ್ದಿನಿಂದ. ಅಪ್ಪ ಕುಮಾರ ಎರಡು ಹಸು ಕರೆದು ಕೊಟ್ಟರೆ, ಒಂಬತ್ತನೇ ತರಗತಿಯ ಈ ಹುಡುಗಿ ಹಾಲನ್ನು ಡೈರಿಗೆ ಹಾಕಿ ಬರಬೇಕು. ತಾಯಿ ಇಲ್ಲದ ಮಗು. ಸಾಕಿದವಳು ಅಜ್ಜಿ ಹುಚ್ಚಮ್ಮ. ಡೈರಿಯ ಸರದಿಯಲ್ಲಿ ನಿಂತಷ್ಟು ಹೊತ್ತೂ ಹರ್ಷಿತಾ ಬಾಯೊಳಗೇ ಇಂಗ್ಲಿಷ್ ಪದಗಳನ್ನು ಹೇಳಿಕೊಳ್ಳುತ್ತಿದ್ದಳು.

ಆ ಪದಗಳನ್ನು ಕೊಟ್ಟವನು ನಾನು. ನನ್ನ ಹೆಸರು ಬಸವಕುಮಾರ್. ಹಗರೆಯ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಮನೆ ಹಳೇಬೀಡು. ಹೆಸರು ಮುಚ್ಚಿಟ್ಟು ಇದನ್ನು ಹೇಳಬಹುದಿತ್ತು. ಆದರೆ ಮುಚ್ಚಿಟ್ಟು ಮುಚ್ಚಿಟ್ಟೇ ಇಷ್ಟು ದೂರ ಬಂದದ್ದು.

ನನ್ನ ತರಗತಿಯಲ್ಲಿ ದಿನಕ್ಕೆ ಹತ್ತು ಹೊಸ ಪದ. ಪ್ರತಿ ಪದಕ್ಕೂ ಅರ್ಥ ಬರೆದು, ತಮ್ಮ ಮನೆಯ ಬಗ್ಗೆಯೇ ಒಂದು ಸ್ವಂತ ವಾಕ್ಯ ಮಾಡಬೇಕು. ಎಲ್ಲರೂ ಗೈಡಿನಿಂದ ಕಾಪಿ ಹೊಡೆದರೆ ಹರ್ಷಿತಾ ಮಾತ್ರ ಯೋಚಿಸಿ ಬರೆಯುತ್ತಿದ್ದಳು. ‘ಸ್ಟಬರ್ನ್’ ಎಂಬ ಪದಕ್ಕೆ ಅವಳ ವಾಕ್ಯ ಹೀಗಿತ್ತು: ನಮ್ಮ ಅಜ್ಜಿಯೂ ಸ್ಟಬರ್ನ್, ನಮ್ಮ ಹಸುವೂ ಸ್ಟಬರ್ನ್, ಆದರೆ ಹಸು ಹುಲ್ಲು ತೋರಿಸಿದರೆ ಬರುತ್ತದೆ. ಸ್ಟಾಫ್ ರೂಮಿನಲ್ಲಿ ಅದನ್ನು ಓದಿ ಹೇಳಿ ಎಲ್ಲರನ್ನೂ ನಗಿಸಿದ್ದೆ.

ಆದರೆ ಅವಳಲ್ಲಿ ಒಂದು ಕೊರತೆ ಕಂಡಿತು. ಪ್ರತಿ ತಿಂಗಳೂ ಮೂರು ದಿನ ಬರಿಗೈಯಲ್ಲಿ ಬರುತ್ತಿದ್ದಳು. ಚೀಲವಿಲ್ಲ, ಪದಗಳ ನೋಟ್‌ಬುಕ್ ಇಲ್ಲ. ಯಾಕೆಂದು ಕೇಳಿದರೆ ತಲೆ ತಗ್ಗಿಸುವುದಷ್ಟೇ. ನೋಟ್‌ಬುಕ್ ತರದವರು ಪೀರಿಯಡ್ ಮುಗಿಯುವವರೆಗೂ ಹೊರಗೆ ನಿಲ್ಲಬೇಕೆಂದು ನಾನೇ ಮಾಡಿದ ಕಟ್ಟಳೆ. ನಿಲ್ಲಿಸಿದೆ. ಜೂನ್‌ನಿಂದ ಫೆಬ್ರವರಿವರೆಗೂ ನಿಲ್ಲಿಸಿದೆ. ನೋಟ್‌ಬುಕ್ಕಿನಲ್ಲಿ ಮೂರು ಮೂರು ಪುಟ ಖಾಲಿ ಉಳಿದಲ್ಲೆಲ್ಲ ಕೆಂಪು ಶಾಯಿಯಲ್ಲಿ ‘ಕೇರ್‌ಲೆಸ್’ ಎಂದು ಬರೆದೆ. ಆ ಪದದ ಅರ್ಥವನ್ನೂ ಅವಳು ಕೆಳಗೆ ಬರೆದುಕೊಂಡು ಬಂದಳು. ಅದಕ್ಕೆ ವಾಕ್ಯ ಮಾತ್ರ ಮಾಡಿರಲಿಲ್ಲ.

ಮಾರ್ಚ್ ಮೊದಲ ವಾರ. ಹೊರಗೆ ಬಿಸಿಲು ಕಾಯುತ್ತಿತ್ತು. ಬೋರ್ಡಿನ ಮೇಲೆ ಪದ ಬರೆಯುತ್ತಿದ್ದವನಿಗೆ ಏನೋ ಬಿದ್ದ ಸದ್ದು ಕೇಳಿಸಿತು. ಹರ್ಷಿತಾ ಮೆಟ್ಟಿಲ ಮೇಲೆ ಬಿದ್ದಿದ್ದಳು. ಹಣೆ ಒಡೆದಿತ್ತು. ಲಂಗದ ಹಿಂದೆಯೂ ಕೆಂಪಾಗಿತ್ತು. ಹುಡುಗರು ಕಿಟಕಿಗೆ ಮುಗಿಬಿದ್ದು ನೋಡಿದರು. ಒಬ್ಬ ನಕ್ಕ. ಅಲ್ಲಿ ಮೊದಲು ಓಡಿ ಬಂದದ್ದು ನಾನಲ್ಲ, ಬಿಸಿಯೂಟದ ರುಕ್ಮಿಣಮ್ಮ. ತನ್ನ ಸೆರಗಿನಿಂದ ಹುಡುಗಿಯನ್ನು ಮುಚ್ಚಿ ಎತ್ತಿಕೊಂಡವಳು ನನ್ನನ್ನು ನೋಡಿ ಹೇಳಿದಳು:

“ಮುಟ್ಟಾಗಿರೋ ಮಗೀನ ಬಿಸ್ಲಲ್ಲಿ ನಿಲ್ಸಿದೀರಲ್ಲ ಮೇಷ್ಟ್ರೇ. ಆ ಮೂರು ದಿನ ಪುಸ್ತಕ ಮುಟ್ಟಂಗಿಲ್ಲ ಅವ್ಳು. ಕೊಟ್ಟಿಗೆ ಪಕ್ಕ ಮಲಗ್ತಾಳೆ. ಬೆಳಗ್ಗೆ ಒಂದು ಲೋಟ ಕಾಫಿ ಬಿಟ್ರೆ ಏನೂ ಕೊಟ್ಟಿರಲ್ಲ. ಊರಿಗೆಲ್ಲ ಗೊತ್ತಿರೋದು ನಿಮಗೆ ಗೊತ್ತಿಲ್ವಾ?”

ಗೊತ್ತಿರಲಿಲ್ಲವೇ? ಗಂಡಸರಿಗೆ ಗೊತ್ತಿರದ ಸಂಗತಿಯೇನೂ ಅಲ್ಲ ಅದು. ನಾನು ನನ್ನನ್ನೇ ಕೇಳಿಕೊಂಡಿರಲಿಲ್ಲ, ಅಷ್ಟೆ.

ಹಣೆಗೆ ನಾಲ್ಕು ಹೊಲಿಗೆ ಬಿದ್ದವು. ಆ ಭಾನುವಾರ ಅವರ ಮನೆಗೆ ಹೋದೆ. ಹುಚ್ಚಮ್ಮ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಕುಮಾರ ಕುರ್ಚಿ ತಂದಿಟ್ಟು ದೂರ ನಿಂತ. ಹರ್ಷಿತಾ ಬಾಗಿಲ ಸಂದಿಯಲ್ಲಿದ್ದಳು, ಹಣೆಗೆ ಬಿಳಿ ಪಟ್ಟಿ.

“ಅಜ್ಜಿ, ನಿಮ್ಮ ಮೊಮ್ಮಗಳು ತುಂಬಾ ಚುರುಕು. ತಿಂಗಳಿಗೆ ಮೂವತ್ತು ಪದ ತಪ್ಪಿದರೆ ವರ್ಷಕ್ಕೆ ಎಷ್ಟಾಯಿತು ನೋಡಿ. ಪುಸ್ತಕ ಮುಟ್ಟಿದರೆ ಏನಾಗುತ್ತೆ?”

“ಸರಸ್ವತಿ ಅದು. ಮೈಲಿಗೆ ಕೈಯಲ್ಲಿ ಮುಟ್ಟಿದ್ರೆ ವಿದ್ಯೆ ಹತ್ತಲ್ಲ.”

“ದೇವರು ಕೊಟ್ಟ ಮೈ, ದೇವರಿಗೇ ಮೈಲಿಗೆ ಹೇಗಾಗುತ್ತೆ ಅಜ್ಜಿ? ಆ ರಕ್ತ ಇಲ್ಲದಿದ್ದರೆ ನೀವೂ ಹುಟ್ಟುತ್ತಿರಲಿಲ್ಲ, ನಾನೂ ಹುಟ್ಟುತ್ತಿರಲಿಲ್ಲ.”

“ನಮ್ಮತ್ತೆ ಕೂತಿದ್ರು, ನಾನು ಕೂತಿದ್ದೆ, ಇವ್ಳವ್ವ ಕೂತಿದ್ಲು. ಯಾರೂ ಸಾಯ್ಲಿಲ್ಲ.” ಹುಚ್ಚಮ್ಮ ಮೊರ ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದಳು. “ಅಲ್ಲಾ ಮೇಷ್ಟ್ರೇ, ನಿಮ್ಮ ಮನೇಲಿ ಹೆಂಗೆ? ನಿಮ್ಮ ಹೆಂಡ್ರು ಹೊರಗೆ ಕೂರಲ್ವಾ?”

ಓದುಗರೇ, ಇಲ್ಲಿಂದ ಮುಂದಿನದನ್ನು ಬರೆಯಲು ನನ್ನ ಕೈ ಹಿಂಜರಿಯುತ್ತದೆ. ನಾನು ಮಠದ ಹಾಸ್ಟೆಲಿನಲ್ಲಿ ಓದಿದವನು. ಶರಣರಿಗೆ ಸೂತಕವಿಲ್ಲ ಎಂದು ಪ್ರತಿ ವರ್ಷ ಬಸವ ಜಯಂತಿಯಲ್ಲಿ ಭಾಷಣ ಮಾಡುವವನು. ಆದರೆ ನನ್ನ ಹೆಂಡತಿ ಉಷಾರಾಣಿ, ಬಿ.ಎ. ಓದಿದವಳು, ಮದುವೆಯಾದಾಗಿನಿಂದ ಆ ಮೂರು ದಿನ ಜಗಲಿಯ ಮೂಲೆಯ ಚಾಪೆಯಲ್ಲಿರುತ್ತಾಳೆ. ಅಮ್ಮ ಸುಮಿತ್ರಮ್ಮನ ಕಟ್ಟುನಿಟ್ಟು. ನಾನು ಅದನ್ನು ಹೆಂಗಸರ ವಿಷಯವೆಂದು ಬಿಟ್ಟಿದ್ದೆ.

ಬಾಗಿಲ ಸಂದಿಯಿಂದ ಹರ್ಷಿತಾ ನನ್ನನ್ನೇ ನೋಡುತ್ತಿದ್ದಳು.

“ಇಲ್ಲ ಅಜ್ಜಿ,” ಎಂದೆ. “ನಮ್ಮ ಮನೇಲಿ ಅಂಥದ್ದೇನೂ ಇಲ್ಲ.”

ಆ ಹುಡುಗಿ ನನ್ನ ಮಾತು ನಂಬಿದಳು. ಮುಂದಿನ ತಿಂಗಳು ಹೊರಗಾದ ದಿನವೇ ಒಳಗೆ ಹೋಗಿ ನೋಟ್‌ಬುಕ್ ತೆಗೆದುಕೊಂಡಳಂತೆ. “ಸಾರ್ ಮನೇಲೇ ಇಲ್ಲವಂತೆ, ನಮಗ್ಯಾಕೆ?” ಎಂದಳಂತೆ. ಹುಚ್ಚಮ್ಮ ಹೊಡೆದು ಕಿತ್ತುಕೊಂಡಳು. ಮೂರು ದಿನ ಕಳೆದರೂ ಹುಡುಗಿ ಪಟ್ಟು ಬಿಡದೆ ಊಟ ಬಿಟ್ಟು ಕೂತಾಗ ಮುದುಕಿ ಹೇಳಿದಳಂತೆ, “ನಡಿ, ಹಳೇಬೀಡಿಗೇ ಹೋಗಿ ನೋಡ್ಕೊಂಡು ಬರಾನ. ಮೇಷ್ಟ್ರು ಹೇಳಿದ್ದು ದಿಟವಾದ್ರೆ ನಿನ್ನ ಪುಸ್ತಕ ನಿಂಗೆ.”

ಅದೇ ವಾರದ ಭಾನುವಾರ ಬೆಳಗ್ಗೆ ಹತ್ತರ ಹೊತ್ತಿಗೆ ಇಬ್ಬರೂ ನನ್ನ ಮನೆ ಮುಂದೆ ನಿಂತಿದ್ದರು. ಟವೆಲಿನಲ್ಲಿ ಸುತ್ತಿದ ನೋಟ್‌ಬುಕ್ ಮುದುಕಿಯ ಕಂಕುಳಲ್ಲಿತ್ತು. ನಾನು ಒಳಗಿನಿಂದ ಬರುವಷ್ಟರಲ್ಲಿ ಉಷಾರಾಣಿ ಜಗಲಿಯ ಮೂಲೆಯಿಂದ ನಗುತ್ತ ಮಾತಾಡಿಸಿಬಿಟ್ಟಿದ್ದಳು.

“ಬನ್ನಿ ಅಜ್ಜಿ, ಕೂತ್ಕೊಳ್ಳಿ. ತಪ್ಪು ತಿಳ್ಕೋಬೇಡಿ, ನಾನು ಆ ಕಡೆ ಬರೋ ಹಾಗಿಲ್ಲ. ಹೊರಗಾಗಿದ್ದೀನಿ.”

ಅವಳ ಪಕ್ಕದಲ್ಲಿ ಚಾಪೆಯಿತ್ತು, ಬೇರೆ ತಟ್ಟೆ, ಬೇರೆ ಲೋಟ. ಹುಚ್ಚಮ್ಮ ಎಲ್ಲವನ್ನೂ ನೋಡಿದಳು.

“ನೋಡ್ದೇನಮ್ಮಿ, ನಿಮ್ಮ ಮೇಷ್ಟ್ರ ದಿಟಾನ?” ಎಂದು ನನ್ನತ್ತ ತಿರುಗಿದಳು. “ನಾನು ಓದಿಲ್ಲ ಮೇಷ್ಟ್ರೇ. ನಮ್ಮನೇಲಿ ಇರೋದನ್ನ ಐತೆ ಅಂತ ಹೇಳ್ತೀನಿ. ನೀವು ಓದಿರೋರು.”

ಹರ್ಷಿತಾ ನನ್ನ ಮುಖ ನೋಡಲಿಲ್ಲ. ನನ್ನ ಪರವಾಗಿ ಅವಳೇ ನಾಚಿ ನೆಲ ನೋಡುತ್ತಿದ್ದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾವ ಅಧಿಕಾರಿಯೂ ನನ್ನನ್ನು ಅಷ್ಟು ಕುಗ್ಗಿಸಿರಲಿಲ್ಲ.

“ಇವರಿಗೆ ಏನು ಹೇಳಿದ್ರಿ ನೀವು?” ಉಷಾರಾಣಿ ಕೇಳಿದಳು.

“ನಮ್ಮ ಮನೇಲಿ ಇದೆಲ್ಲ ಇಲ್ಲ ಅಂದೆ. ಸುಳ್ಳು ಹೇಳಿದೆ.”

ಅವಳು ಹುಡುಗಿಯ ಹಣೆಯ ಗಾಯದ ಗುರುತು ನೋಡಿದಳು. ಆ ಹೊಲಿಗೆಯ ಕಥೆಯನ್ನು ನಾನೇ ಅವಳಿಗೆ ಹೇಳಿದ್ದೆ, ಇದೇ ಜಗಲಿಯ ಈಚೆ ಬದಿಯಲ್ಲಿ ನಿಂತು. ಆಮೇಲೆ ಉಷಾರಾಣಿ ಎದ್ದು ಚಾಪೆ ಸುತ್ತಿ ಗೋಡೆಗೊರಗಿಸಿ, ಹರ್ಷಿತಾಳ ಕೈ ಹಿಡಿದಳು.

“ಬಾ ಪುಟ್ಟಾ, ಒಳಗೆ ಕೂತು ಕಾಫಿ ಕುಡಿಯೋಣ.”

ಅಮ್ಮ ಒಳಗಿನಿಂದ ಓಡಿ ಬಂದರು. “ಉಷಾ! ಹೊಸ್ತಿಲು ದಾಟಬೇಡ ಕಣೇ, ಒಳಗೆ ದೇವರಿದೆ!”

“ಇರಲಿ ಅತ್ತೆ. ಹದಿನಾರು ವರ್ಷ ನಾನು ಹೊರಗಿದ್ದಾಗಲೂ ಇತ್ತು. ನಾನು ಒಳಗೆ ಬಂದರೂ ಇರುತ್ತೆ.”

“ನೀನಾದರೂ ಹೇಳೋ!” ಎಂದು ಅಮ್ಮ ನನ್ನ ಕಡೆ ನೋಡಿದರು. ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಪಕ್ಕಕ್ಕೆ ಸರಿದೆ. ಅಂದು ನಾನು ಮಾಡಿದ ಸಾಹಸ ಇಷ್ಟೇ.

ಅವರಿಬ್ಬರೂ ಒಳಗೆ ಹೋದರು. ಹುಚ್ಚಮ್ಮನಿಗೆ ತಂದ ಕಾಫಿ ಜಗಲಿಯ ಮೇಲೆ ಹಾಗೇ ಆರಿತು. ಅವಳು ಮುಟ್ಟಲಿಲ್ಲ, ಆದರೆ ಎದ್ದು ಹೋಗಲೂ ಇಲ್ಲ. ಹರ್ಷಿತಾ ಹೊರಗೆ ಬಂದು ಅಜ್ಜಿಯ ತೊಡೆಯ ಮೇಲಿದ್ದ ಟವೆಲ್ ಬಿಚ್ಚಿ ನೋಟ್‌ಬುಕ್ ತೆಗೆದುಕೊಂಡಾಗ ಮುದುಕಿ ಕೈ ಹಿಡಿಯಲಿಲ್ಲ. “ಬಸ್ಸಿಗೆ ಹೊತ್ತಾಯ್ತು” ಎಂದಷ್ಟೇ ಹೇಳಿದಳು.

ಅಮ್ಮ ಎರಡು ದಿನ ಊಟ ಬಿಟ್ಟರು, ಮೂರನೆಯ ದಿನ ಉಂಡರು. ಮನೆಗೆ ಯಾವ ಕೇಡೂ ಬರಲಿಲ್ಲ. ಸೋಮವಾರ ತರಗತಿಯಲ್ಲಿ ಎಲ್ಲ ಮಕ್ಕಳ ಮುಂದೆ, ಹೊರಗೆ ನಿಲ್ಲಿಸುವ ಕಟ್ಟಳೆ ತಪ್ಪು, ಮಾಡಿದ ನಾನು ತಪ್ಪಿತಸ್ಥ ಎಂದೆ. ಹರ್ಷಿತಾ ತಲೆಯೆತ್ತಲಿಲ್ಲ. ಬೇಸಿಗೆ ರಜೆ ಬರುವವರೆಗೂ ನನ್ನೊಡನೆ ಮಾತಾಡಲೂ ಇಲ್ಲ. ನಾನದನ್ನು ಸಹಿಸಬೇಕಿತ್ತು.

ಜೂನ್‌ನಲ್ಲಿ ಒಂದು ದಿನ ಅವಳು ಚೀಲ ಹೆಗಲಿಗೆ ಹಾಕಿಕೊಂಡು ಬಂದಳು. ಕೆನ್ನೆಯ ಮೇಲೆ ಬೆರಳಿನ ಗುರುತಿತ್ತು. ಯಾವ ದಿನವೆಂದು ಕೇಳದೆಯೇ ಅರ್ಥವಾಯಿತು. ಹತ್ತೂ ಪದಗಳನ್ನು ಬರೆದು ಮೇಜಿನ ಮೇಲಿಟ್ಟು, ತಿಂಗಳುಗಳ ನಂತರ ಮೊದಲ ಸಲ ಬಾಯಿಬಿಟ್ಟಳು.

“ಮೇಡಂ ಹೆಂಗವ್ರೆ ಸಾರ್?”

“ಚೆನ್ನಾಗಿದ್ದಾರಮ್ಮ.”

“ಕೇಳ್ದೆ ಅಂತ ಹೇಳಿ.”

ನಾನು ತಲೆಯಾಡಿಸಿದೆ. ಅವಳ ಕಣ್ಣು ನೋಡಿ ಉತ್ತರಿಸುವ ಯೋಗ್ಯತೆ ಇನ್ನೂ ಬಂದಿರಲಿಲ್ಲ.