ಪಕ್ಕೆಲುಬು ಕಾಣುವ ನಾಯಿ

ಮತ್ತೆ ಕೆನೆ ಕಟ್ಟಿತು ಗಂಜಿಯ ಮೇಲೆ, ಬೆಳಿಗ್ಗೆಯಿಂದ ಇದು ಮೂರನೆಯ ಬಟ್ಟಲು, ಬಿಸಿ ಮಾಡಿ ತರುವುದು, ಉಗುರುಬೆಚ್ಚಗಿದೆಯೇ ಎಂದು ಕಿರುಬೆರಳು ಅದ್ದಿ ನೋಡುವುದು, ಇದರ ಮೂಗಿನ ಮುಂದೆ ಇಡುವುದು, ಇದು ಮುಖವನ್ನು ಗೋಡೆಯ ಕಡೆಗೆ ತಿರುಗಿಸುವುದು, ಗಂಜಿ ಆರುವುದು — ತಿನ್ನಬೇಡ ಮಾರಾಯ, ಯಾರಿಗೆ ಬೇಕಾಗಿದೆ. ಬಾಣ ಅಂತೆ ಹೆಸರು, ನನ್ನ ತಮ್ಮನ ಹೆಂಡತಿ ಗಿರಿಜವ್ವನ ಅಣ್ಣ ಮುಧೋಳದಿಂದ ತಂದು ಬಿಟ್ಟುಹೋದ ಬೇಟೆನಾಯಿ, ಓಡಿದರೆ ಬಾಣವೇ ಸರಿ, ಈಗ ನೋಡಿದರೆ ಹುಲ್ಲಿನ ಮನೆಯ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಬಿದ್ದ ಕಟ್ಟಿಗೆಯ ಹೊರೆ, ಹೊಟ್ಟೆಗೆ ಸುತ್ತಿದ್ದು ನನ್ನ ತಮ್ಮ ಅಂದಾನಪ್ಪನ ಹಳೆಯ ಧೋತರ, ಅದರೊಳಗೆ ಗೇಣುದ್ದದ ಹೊಲಿಗೆ. ಇವತ್ತಿಗೆ ಐದನೆಯ ದಿನ. ಶಿರಸಿಯ ದನದ ದವಾಖಾನೆಯ ಡಾಕ್ಟರು ಲಾರಿಯವನ ಕೈಯಲ್ಲಿ ಹೇಳಿಕಳಿಸಿದ್ದಾರೆ, ನಾಳೆ ಸಂಜೆಯೊಳಗೆ ತಾನಾಗಿ ಬಾಯಿ ಹಾಕದಿದ್ದರೆ ಆಸೆ ಬಿಡಿ ಎಂದು. ಆಸೆಯಂತೆ, ಈ ಮನೆಯಲ್ಲಿ ಯಾರಿಗಿದೆ ಆಸೆ, ಅಂದಾನಪ್ಪ ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು, ತಿಂತೇನು ಅಕ್ಕಾ, ಎಂದು ಕೇಳುತ್ತಾನೆ, ಉತ್ತರಕ್ಕೆ ಕಾಯುವುದಿಲ್ಲ, ಮೂಗಿಗೆ ವಸ್ತ್ರ ಹಿಡಿದು ಅಂಗಡಿಗೆ ನಡೆಯುತ್ತಾನೆ.

ನೋಡಲು ಬರುವವರಿಗೇನು ಕಡಿಮೆಯಿಲ್ಲ, ನಾಯಿಯ ಹೊಟ್ಟೆ ಕೊಯ್ದು ಹೊಲಿದಿದ್ದಾರಂತೆ ಎಂದು ಬನವಾಸಿಗೆ ಬನವಾಸಿಯೇ ಬಂದು ಹೋಯಿತು, ಬಂದವರೆಲ್ಲ ವೈದ್ಯರೇ, ಇಂಗು ತೇದು ಹಚ್ರಿ, ಅಜವಾನದ ನೀರು ಕುಡಿಸ್ರಿ, ಗುಡಿಯಿಂದ ವಿಭೂತಿ ತಂದು ಹಣಿಗೆ ಹಚ್ರಿ, ಪಾರ್ವತವ್ವ ಅಂತೂ ತಾಯತ ತಂದು ಕೊರಳಿಗೇ ಕಟ್ಟಿದಳು, ತನ್ನ ಗಂಡನ ಕೆಮ್ಮು ಹದಿನಾಲ್ಕು ವರ್ಷದಿಂದ ನಿಲ್ಲಿಸಲಾಗದವಳು. ಎಲ್ಲರ ಸೆರಗಿನಲ್ಲೂ ಏನಾದರೊಂದು ತಿನ್ನುವ ಪದಾರ್ಥ, ಬೆಲ್ಲ, ಬಾಳೆಹಣ್ಣು, ಉಂಡಿ. ಪಾಪ, ಎಷ್ಟು ಸೊರಗೇತಿ ನೋಡ್ರಿ, ಪಕ್ಕಡಿ ಎಲ್ಲಾ ಕಾಣಾಕತ್ತಾವ. ಕಾಣದೆ ಏನು, ಮೊದಲೂ ಕಾಣುತ್ತಿದ್ದವು, ಈ ಜಾತಿಯ ನಾಯಿಗೆ ಪಕ್ಕೆಲುಬು ಕಾಣುವುದೇ ಚಂದ, ತಂದವನು ಬಾಯಿಬಿಟ್ಟು ಹೇಳಿ ಹೋಗಿದ್ದ, ಅಕ್ಕಾರ, ಜ್ವಾಳದ ರೊಟ್ಟಿ ಹಾಲಾಗ ಕಿವುಚಿ ಮುಂಜಾನಿ ಒಂದು ಹಿಡಿ, ಸಂಜಿಗೆ ಒಂದು ಹಿಡಿ, ಹೆಚ್ಚು ಹಾಕಬ್ಯಾಡ್ರಿ, ಇದರ ಎದಿ ಆಳ, ಹೊಟ್ಟಿ ಸಣ್ಣದು, ಉಂಡ ಕೂಡಲೆ ಓಡಸಬ್ಯಾಡ್ರಿ. ನನಗೇ ಹೇಳಿದ್ದು, ನೀಲಗಂಗವ್ವನಿಗೆ, ಅಡುಗೆಮನೆ ನನ್ನ ಕೈಯಲ್ಲಿದೆಯಲ್ಲ, ಗಂಡ ಬಿಟ್ಟು ತವರಿಗೆ ಬಂದು ಕುಳಿತವಳಿಗೆ ಅಡುಗೆಮನೆಯನ್ನು ಬಿಟ್ಟುಕೊಡುತ್ತಾರೆ, ದೊಡ್ಡ ಉಪಕಾರ ಮಾಡಿದವರ ಹಾಗೆ. ಇಪ್ಪತ್ತೆರಡು ವರ್ಷವಾಯಿತು, ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದು ಅದೂ ಹಳತಾಯಿತು, ನಾನು ಬಡಿಸುವುದು ಮುಗಿಯಲಿಲ್ಲ.

ದಾಸೋಹದ ಮನೆ ಎಂದು ಹೆಸರು ನಮ್ಮದಕ್ಕೆ, ಮುತ್ತಜ್ಜ ಬರಗಾಲದಲ್ಲಿ ಊರಿಗೆ ಗಂಜಿ ಕಾಸಿ ಹಾಕಿದನಂತೆ, ಅವನು ಹಸಿದವರಿಗೆ ಹಾಕಿದ, ಇವರು ಹೊಟ್ಟೆ ತುಂಬಿದವರಿಗೆ ಹಾಕುತ್ತಾರೆ, ಅಷ್ಟೇ ವ್ಯತ್ಯಾಸ. ಇಂಥ ಮನೆಯ ಬಾಗಿಲಲ್ಲಿ ಬಡಕಲು ನಾಯಿ ನಿಂತರೆ ಮಾನ ಉಳಿಯುವುದೇ, ದಾರಿಯಲ್ಲಿ ಹೋಗುವವರು ನಿಂತು, ಅಂದಾನಪ್ಪನವರ ಮನ್ಯಾಗ ನಾಯಿಗೆ ಕೂಳ ಹಾಕೂದಿಲ್ಲೇನು, ಎಂದರೆ ನನ್ನ ತಮ್ಮನ ಮೀಸೆ ಅಲ್ಲೇ ಇಳಿಯುತ್ತಿತ್ತು. ಮೊನ್ನೆ ಸೋಮವಾರ ಸ್ವಾಮಿಗಳ ಪಾದಪೂಜೆ, ಸ್ವಾಮಿಗಳು ಪಾಪ ಎರಡು ತುತ್ತು ಉಂಡು ಒಳಗೆ ಹೋಗಿ ಒರಗಿದರು, ಅವರ ಹಿಂದೆ ಬಂದಿದ್ದ ಶಂಕ್ರಪ್ಪ ಎಂಬ ಮಹಾನುಭಾವ ಎಂಟು ಹೋಳಿಗೆ ಇಳಿಸಿ, ತೇಗಿ, ಕಟ್ಟೆಯ ಮೇಲೆ ಕುಳಿತು ಬಾಣನನ್ನು ನೋಡಿದ. ಏನ್ರಿ ಅಂದಾನಪ್ಪನವರ, ಮಂದಿಗೆ ಹೋಳಿಗಿ, ಬಾಗಲಾ ಕಾಯೂ ಜೀವಕ್ಕ ಬರೇ ಎಲುಬೇನ್ರಿ. ಕಟ್ಟೆಯ ತುಂಬ ನಗು. ನನ್ನ ತಮ್ಮ ಕೆಂಪಗಾದ, ಹಾಕ್ರಿ, ಹೊಟ್ಟಿ ಬಿರಿಯೂ ಹಂಗ ಹಾಕ್ರಿ ಅದಕ್ಕ, ನಮ್ಮನ್ಯಾಗೇನು ಬರಗಾಲ ಬಿದ್ದೇತೇನು. ಹಾಕಿದರು, ಪುಣ್ಯಾತ್ಮರು, ಒಬ್ಬೊಬ್ಬರೂ ಎದ್ದು ಬಂದು ಹಾಕಿದರು, ಹೋಳಿಗೆ, ತುಪ್ಪ, ಅನ್ನ, ಮೇಲೆ ಮತ್ತೆ ಹೋಳಿಗೆ, ನಾಯಿ ನಾಯಿಯ ಹಾಗೆ ತಿಂದಿತು, ಅದಕ್ಕೇನು ಶಾಸ್ತ್ರ ಗೊತ್ತೇ. ಅಷ್ಟಕ್ಕೇ ಬಿಟ್ಟರೇ, ಇಲ್ಲ, ಆಮೇಲೆ ಅಂದಾನಪ್ಪ ಗದ್ದೆ ಮಾಡುವ ಕೆರಿಯನನ್ನು ಕರೆದು, ಇದರ ಓಟ ತೋರಿಸೋ ಇವರಿಗೆ, ಎಂದು ಮೊಲದ ನೆಪದಲ್ಲಿ ಬಯಲಿಗೆ ಬಿಡಿಸಿದ. ಮೂರು ಗಂಟೆಯ ಹೊತ್ತಿಗೆ ಹೊಟ್ಟೆ ನಗಾರಿ, ವಾಂತಿಗೆ ಬಾಯಿ ತೆರೆದರೆ ಬರೇ ನೊರೆ, ನಿಲ್ಲಲಾರದು, ಮಲಗಲಾರದು. ಎಲ್ಲರೂ ಸುತ್ತ ನಿಂತರು, ದೃಷ್ಟಿ ಆಗೇತಿ ಎಂದರು, ನಿವಾಳಿಸಿದರು.

ಭತ್ತದ ಲಾರಿ ಶಿರಸಿಗೆ ಹೊರಟಿತ್ತು, ನಾನೇ ಹತ್ತಿ ಕುಳಿತೆ, ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ನನ್ನ ತೊಡೆಯ ಮೇಲೆ ಅದರ ತಲೆ, ಅಂದಾನಪ್ಪ ಮಾನಕ್ಕೆ ಅಂಜಿ ಡ್ರೈವರನ ಪಕ್ಕದಲ್ಲಿ ಕುಳಿತ. ಡಾಕ್ಟರು ಧಾರವಾಡದ ಕಡೆಯ ಎಳೆಯ ಪ್ರಾಯದವರು, ಒಂದೇ ಮಾತು ಹೇಳಿದರು, ನಾ ಎತ್ತಿನ ಡಾಕ್ಟರ್ ಅವ್ವಾ, ನಾಯಿ ಹೊಟ್ಟಿ ಕಾಲೇಜಿನ್ಯಾಗ ಒಮ್ಮೆ ನೋಡೀನಿ, ಉಳೀತೈತಿ ಅಂತ ಹೇಳೂದಿಲ್ಲ. ಈ ಐದು ದಿನಗಳಲ್ಲಿ ನಾನು ಕೇಳಿದ ಒಂದೇ ಒಂದು ನಿಜ ಅದು. ದಪ್ಪ ಸೂಜಿ ಚುಚ್ಚಿ ಗಾಳಿ ಬಿಟ್ಟರು, ಮದ್ದು ಮೂಸಿಸಿ ಮಲಗಿಸಿದರು, ಕೊಯ್ದರು, ಜಠರ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿತ್ತಂತೆ, ನೆಟ್ಟಗೆ ಮಾಡಿ ಹೊಲಿದರು. ಎಷ್ಟು ತಿಂದಿತ್ತು ಎಂದರೆ ನನ್ನ ತಮ್ಮ, ಏನೂ ಇಲ್ರಿ, ಒಂಚೂರು ಪ್ರಸಾದ, ಎಂದ, ಡಾಕ್ಟರು ಜಠರದಿಂದ ತೆಗೆದದ್ದನ್ನು ಬೋಗುಣಿಯಲ್ಲಿ ತಂದು ತೋರಿಸಿದರು, ಕಂಠಮಟ್ಟ ಹೂರಣ ಮತ್ತು ಅನ್ನ. ಅಂದಾನಪ್ಪ ಗೋಡೆಯ ಮೇಲಿನ ಎಮ್ಮೆಯ ಚಿತ್ರ ನೋಡುತ್ತ ನಿಂತ. ಆಮೇಲೆ ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದರು, ಒಬ್ಬರ ಕೈಯಿಂದಷ್ಟೇ, ಎರಡು ತಾಸಿಗೆ ಮೂರು ಚಮಚ, ಬಾಯಿ ಒಡೆದು ಹೊಯ್ಯಬ್ಯಾಡ್ರಿ, ಶ್ವಾಸಕ್ಕ ಹೋಗ್ತೈತಿ, ಅದು ತಾನ ಬೇಡಿದರೂ ಮೂರರ ಮ್ಯಾಲೆ ಹಾಕಬ್ಯಾಡ್ರಿ, ಒಳಗಿನ ಹೊಲಿಗಿ ಇನ್ನೂ ಹಸಿ ಐತಿ, ಬಿಚ್ಚಿದರ ಮತ್ತ ನನ್ನ ಕಡೆ ತರಬ್ಯಾಡ್ರಿ, ಕುಣಿ ತೋಡ್ರಿ. ಸೂಜಿ ಮಾತ್ರ ದಿನಕ್ಕೊಂದು, ದವಾಖಾನೆಯ ಆಳು ಸರ್ವಿಸ್ ಮೋಟಾರಿನಲ್ಲಿ ಬಂದು ಚುಚ್ಚಿ ಹೋಗುತ್ತಾನೆ, ಅವನಿಗೂ ಊಟ ಹಾಕದೆ ಬಿಟ್ಟಿಲ್ಲ ನಮ್ಮವರು, ನಿನ್ನೆ ಅವನು ಹೊಟ್ಟೆ ಹಿಡಿದುಕೊಂಡು ಹೋದ.

ಎಲ್ಲರನ್ನೂ ಆಡಿಕೊಂಡಾಯಿತು, ನೀಲಗಂಗವ್ವಾ, ಇನ್ನು ಉಳಿದವರು ಯಾರು. ಹೇಳಿಬಿಡು, ಇಲ್ಲಿ ಕೇಳುವವರು ಯಾರೂ ಇಲ್ಲ. ಅವತ್ತು ಅವರೆಲ್ಲ ಹಾಕಿದ ಮೇಲೆ, ಕೆರಿಯ ಬಯಲಿಗೆ ಬಿಡುವ ಮೊದಲು, ಬಾಣ ಸಾಕಾಗಿ ಎದ್ದುಬಂದು ಅಡುಗೆಮನೆಯ ಹಿಂದೆ ತಣ್ಣಗೆ ಮಲಗಿತ್ತು, ನಾಯಿಗೆ ಅಷ್ಟು ಬುದ್ಧಿ ಇತ್ತು. ಆಗ ಗಿರಿಜವ್ವ ಬೀಗರ ಹೆಂಗಸರ ಮುಂದೆ ನಕ್ಕೊಂತ ಅಂದಳು, ನಮ್ಮ ಅಕ್ಕಾರ ಕೈ ಜರಾ ಬಿಗಿ ರೀ, ನಾಯಿಗೂ ಅಳದು ಹಾಕ್ತಾರ, ಅದಕ್ಕ ಅದು ಹಂಗೈತಿ. ಅಷ್ಟೇ ಮಾತು, ಇಪ್ಪತ್ತೆರಡು ವರ್ಷ ಬಡಿಸಿದ ಕೈಗೆ ಬಿಗಿ ಎಂಬ ಹೆಸರು. ದೊಡ್ಡ ಬಟ್ಟಲಿನಲ್ಲಿ ಅನ್ನ ಕಲಸಿದೆ, ಹಾಲು ಸುರಿದೆ, ಬೆಲ್ಲ ಹಾಕಿದೆ, ಎಲ್ಲರ ಕಣ್ಣಿಗೂ ಬೀಳುವ ಹಾಗೆ ನಡುಮನೆಯಿಂದಲೇ ಹಾದು ಹೋಗಿ ಅದರ ಮುಂದೆ ಇಟ್ಟೆ, ಮುಧೋಳದವನು ಹೇಳಿದ್ದು ಒಂದೊಂದು ಅಕ್ಷರವೂ ನೆನಪಿತ್ತು, ಇಟ್ಟೆ. ಅದು ಮೂಸಿ ನೋಡಿತು, ತಲೆ ಪಕ್ಕಕ್ಕೆ ಹಾಕಿತು, ನಾನು ತಿನ್ನೋ ಎಂದೆ, ಒಮ್ಮೆ ನನ್ನ ಮುಖ ನೋಡಿತು, ಎದ್ದಿತು, ತಿಂದಿತು, ಹಸಿವಿಗಲ್ಲ, ನಾನು ಹೇಳಿದ್ದಕ್ಕೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ, ಬಿದ್ದ ಹಲ್ಲಿ ನಾನೇ. ಅಂದಾನಪ್ಪ ಮಾನಕ್ಕೆ ಹಾಕಿದ, ಶಂಕ್ರಪ್ಪ ಚೇಷ್ಟೆಗೆ ಹಾಕಿದ, ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಥೂ ನಿನ್ನ. ಈಗ ಅದು ಗೋಡೆಗೆ ಮುಖ ಮಾಡಿದರೆ ಯಾವ ಬಾಯಿಂದ ಬೈಯುತ್ತೀ, ಈ ಕೈಯಿಂದ ಇಟ್ಟ ಬಟ್ಟಲನ್ನು ಅದು ಯಾಕಾದರೂ ನಂಬಬೇಕು. ಇದು ಸತ್ತರೆ ನಾನು ಈ ಮನೆಯಲ್ಲಿ ಯಾರ ಮುಖ ನೋಡಿಕೊಂಡು ಇರಲಿ, ಬೆಳಿಗ್ಗೆ ಬಾಗಿಲು ತೆರೆದರೆ ಬಾಲ ಆಡಿಸುತ್ತಿದ್ದುದು ಇದೊಂದೇ.

ತಿಮ್ಮಿ ಬಂದಳು, ಕೊಟ್ಟಿಗೆ ಬಳಿಯುವ ತಿಮ್ಮಿ, ಬುಟ್ಟಿ ಇಳಿಸಿ ಸೊಂಟಕ್ಕೆ ಕೈ ಕೊಟ್ಟು ನಿಂತಳು, ಇನ್ನು ಇವಳ ಬುದ್ಧಿವಾದ ಒಂದು ಬಾಕಿ ಇತ್ತು. ಅಮ್ಮಾ, ಹಾಂಗೆ ಕಣ್ಣು ಬಿಟ್ಕಂಡು ಎದ್ರಿಗೆ ಕುಂತ್ರೆ ನಂಗಾದ್ರೂ ತಿನ್ನೂಕೆ ಆಗ್ತದಾ. ಬೆನ್ನು ಹಾಕಿ ಕುಂತ್ಕಳಿ. ನೀವು ಉಣ್ಣದೆ ಎಷ್ಟು ದಿನ ಆತು, ಮುಸುರೆ ತೊಳೆಯೋಳಿಗೆ ಗೊತ್ತಾಗೂದಿಲ್ಲಾ ಅಂದ್ಕಂಡ್ರಾ. ನಿನ್ನ ಕೆಲಸ ನೋಡು ಹೋಗೇ, ಎಂದೆ, ಹೋದಳು. ಇಷ್ಟು ದೊಡ್ಡ ದಾಸೋಹದ ಮನೆಯಲ್ಲಿ ನನ್ನ ತಟ್ಟೆ ಒಣಗಿದ್ದನ್ನು ಲೆಕ್ಕಕ್ಕೆ ಹಿಡಿದವಳು ಸಗಣಿ ಬಾಚುವವಳು, ಚಂದ. ಬೆನ್ನು ಹಾಕಿ ಕುಳಿತೆ, ಅವಳು ಹೇಳಿದಳು ಎಂದಲ್ಲ, ಸೊಂಟ ನೋಯುತ್ತಿತ್ತು. ಗಂಜಿಯ ಕೆನೆಯನ್ನು ಬೆರಳಿನಿಂದ ತೆಗೆದು ಬಾಯಿಗಿಟ್ಟುಕೊಂಡೆ, ನಾಯಿಗೆಂದು ಕಾಸಿದ ಗಂಜಿ, ಸಪ್ಪೆ, ಇನ್ನೊಂದು ಬೆರಳು, ಗಂಟಲಲ್ಲಿ ಇಳಿಯುವುದು ಗೊತ್ತಾಗುತ್ತದೆ, ಐದು ದಿನ, ಗಟಗಟನೆ ಎರಡು ಗುಟುಕು ಕುಡಿದೆ, ಕಣ್ಣಲ್ಲಿ ನೀರು ಯಾಕೆ ಬರಬೇಕು ಹಾಳಾದ್ದು. ಬಾಣ, ಕೊನೆಯ ಬಟ್ಟಲು ನಾನೇ ಇಟ್ಟಿದ್ದು ಕಣೋ. ಹಿಂದೆ ಹುಲ್ಲು ಸರಿದ ಸದ್ದು, ಗಾಳಿ ಇರಬೇಕು, ತಿರುಗಬೇಡ, ಮೊಣಕೈ ಹತ್ತಿರ ಬಿಸಿ ಉಸಿರು, ತಿರುಗಬೇಡ, ಬೆರಳಿಗೆ ಹತ್ತಿದ ಗಂಜಿಯ ಮೇಲೆ ಒಣಗಿದ್ದೊಂದು ಮೆಲ್ಲಗೆ ತಾಗಿತು, ನಾಲಿಗೆ. ಬಟ್ಟಲಿಗೆ ಬೆರಳು ಅದ್ದಿ ಹಿಂದಕ್ಕೆ ಹಿಡಿದೆ, ನಾಲಿಗೆ, ಅಂಗೈಯಲ್ಲಿ ಒಂದು ಚಮಚ ಹೊಯ್ದೆ, ಹೋಯಿತು, ಎರಡನೆಯದು, ಹೋಯಿತು, ಮೂರನೆಯದಕ್ಕೆ ಅದರ ಬಾಲ ನೆಲಕ್ಕೆ ಬಡಿಯಿತು.

ಮುಗಿಯಿತು, ಮೂರು, ಇನ್ನು ಎರಡು ತಾಸು ಇಲ್ಲ. ಅದು ಮುಂದಕ್ಕೆ ತೆವಳಿ ಬಟ್ಟಲಿಗೇ ಮೂತಿ ತಂದಿತು, ನಾನು ಅಂಗೈ ಅಡ್ಡ ಇಟ್ಟೆ. ಬಾಗಿಲಲ್ಲಿ ಗಿರಿಜವ್ವ, ತಿಂತೇನ್ರಿ ಅಕ್ಕಾರ, ಏ ಬರ್ರಿ ಇಲ್ಲೆ, ಬಾಣ ತಿಂತು ನೋಡ್ರಿ, ಅಂಗಳದಿಂದ ಅಂದಾನಪ್ಪ, ಹಾಕಕ್ಕಾ, ಹೊಟ್ಟಿ ತುಂಬ ಹಾಕು, ಐದು ದಿನದ ಹಸಿವಿ ಐತಿ, ಗಿರಿಜವ್ವ ಹಾಲಿನ ಚೊಂಬು ತಂದೇಬಿಟ್ಟಳು, ಯಾಕ್ರಿ ಕೈ ಅಡ್ಡ ಹಿಡೀತೀರಿ, ಜೀವ ಬೇಡಾಕತ್ತೈತಿ, ಅಷ್ಟು ಕೈ ಬಿಗಿ ಮಾಡಬ್ಯಾಡ್ರಿ. ಹೌದು, ಬಿಗಿ. ಸಾಕು, ಎಂದೆ, ಎಷ್ಟು ಗಟ್ಟಿಯಾಗಿ ಎಂದೆನೋ, ಇಬ್ಬರೂ ಅಲ್ಲೇ ನಿಂತರು. ಅಕ್ಕಾ, ದಾಸೋಹದ ಮನಿ ಇದು — ಇರಲಿ, ನಿಂತೇ ಇರಲಿ. ಇದಕ್ಕೆ ಅವರ ಪರಿವೆಯಿಲ್ಲ, ನನ್ನ ಮುಖ ನೋಡುತ್ತದೆ, ಅದೇ ನೋಟ, ಹಾಕು ಎನ್ನುತ್ತದೆ, ಇಲ್ಲವೋ, ಹಾಕುವುದಿಲ್ಲ, ಹಿಂಗೈಯನ್ನು ನೆಕ್ಕುತ್ತದೆ, ಬೆರಳ ಸಂದಿಗೆ ನಾಲಿಗೆ ತೂರಿಸುತ್ತದೆ, ಒರಟು, ಬೆಚ್ಚಗೆ, ಕೈ ತೆಗೆಯುವುದಿಲ್ಲ, ಮತ್ತೆ ನಾಲಿಗೆ, ತೆಗೆಯುವುದಿಲ್ಲ, ನಾಲಿಗೆ, ಬೆರಳ ಸಂದಿಯಲ್ಲಿ ನಾಲಿಗೆ