ಬಾಗಿಲು ತಟ್ಟುವ ಮಕ್ಕಳು

ಚರ್ಚಿನ ಬಾಗಿಲು ತೆರೆದೇ ಇತ್ತು. ಆದರೂ ಟೆಸ್ಸಾ ಕೈಗವಸು ಕಳಚಿ, ಬಾಗಿಲಿನ ಮೇಲೆ ಮೂರು ಸಲ ತಟ್ಟಿ ನಿಂತಳು. ಅವಳ ಹಿಂದೆ ಶಾಲೆಯ ನಲವತ್ತು ಮಕ್ಕಳು ಹಿಮದಲ್ಲಿ ಸಾಲಾಗಿ ನಿಂತಿದ್ದರು. ಒಬ್ಬರೂ ಅಲುಗಲಿಲ್ಲ.

“ಒಳಗೆ ಹೋಗಮ್ಮ, ಎಲ್ಲಾ ಕಾಯ್ತಿದಾರೆ,” ಎಂದರು ಹೆಡ್‌ಮಾಸ್ಟರ್ ಕೆಂಟ್ ರಾಲ್ಫ್‌ಸ್ರುಡ್, ತಗ್ಗಿದ ದನಿಯಲ್ಲಿ.

“ಇನ್ನೂ ಬಾ ಅಂದಿಲ್ಲ ಸರ್.”

“ಯಾರು?”

ಎಂಟು ವರ್ಷದ ಹುಡುಗಿ ಅವರನ್ನು ಕನಿಕರದಿಂದ ನೋಡಿದಳು. ಒಳಗೆ ಪೀಠದ ಮುಂದೆ ಆರ್ಡಿಸ್ ಟ್ವೆಟನ್‌ಳ ಶವಪೆಟ್ಟಿಗೆ ಇತ್ತು. ಪಾದ್ರಿ ಪುಸ್ತಕ ಹಿಡಿದು ಬಾಗಿಲ ಕಡೆ ನೋಡುತ್ತಿದ್ದರು. ಆರ್ಗನ್ ನುಡಿಸುವ ಹೆಂಗಸು ಅದೇ ಸಾಲನ್ನು ಮೂರನೆಯ ಸಲ ನುಡಿಸಿದಳು. ಆಮೇಲೆ, ಕೆಂಟ್‌ಗೆ ಏನೊಂದೂ ಕೇಳಿಸದ ಒಂದು ಗಳಿಗೆಯಲ್ಲಿ, ಟೆಸ್ಸಾ ತಲೆಯಾಡಿಸಿ ಒಳಗೆ ಕಾಲಿಟ್ಟಳು. ಉಳಿದವರು ಹಿಂಬಾಲಿಸಿದರು.

*

ಹಿಂದಿನ ಏಪ್ರಿಲ್‌ನಲ್ಲಿ ನದಿ ಊರಿನ ಕೆಳಬೀದಿಗೆ ನುಗ್ಗಿ ಪ್ರಾಥಮಿಕ ಶಾಲೆಯನ್ನು ಕಿಟಕಿಯವರೆಗೆ ಮುಳುಗಿಸಿತ್ತು. ಟೆಸ್ಸಾಳ ಮನೆಯೂ ಹೋಗಿತ್ತು. ತಾಯಿ ಮಗಳು ಈಗ ಚಕ್ರದ ಮೇಲಿನ ಟ್ರೇಲರ್ ಮನೆಯೊಂದರಲ್ಲಿದ್ದರು. ಹೊಸ ಶಾಲೆ ಏಳುವವರೆಗೆಂದು, ಸೆಪ್ಟೆಂಬರಿನಲ್ಲಿ ಮಕ್ಕಳನ್ನು ದಿಬ್ಬದ ಮೇಲೆ ಮುಚ್ಚಿಹೋಗಿದ್ದ ವೃದ್ಧಾಶ್ರಮಕ್ಕೆ ಕರೆತಂದರು.

ಅಲ್ಲಿ ಮೂವತ್ತೊಂದು ವರ್ಷ ಆಯಾ ಆಗಿದ್ದವಳು ಆರ್ಡಿಸ್. ಗಿಡ್ಡ ಆಳು, ಕೆಂಟ್‌ರ ಭುಜಕ್ಕೂ ಎಟುಕದವಳು, ಮದುವೆಯಾಗಿರಲಿಲ್ಲ, ಮಾತು ಕಡಿಮೆ. ಆ ಕಟ್ಟಡದ ಬೀಗಗಳ ಹಠ, ಕೋಣೆಗಳನ್ನು ಬೆಚ್ಚಗಿಡುವ ಬಾಯ್ಲರಿನ ಮುನಿಸು ಅವಳೊಬ್ಬಳಿಗೇ ಗೊತ್ತಿದ್ದುದರಿಂದ ಶಾಲೆಯ ಉಸ್ತುವಾರಿಗೆ ಅವಳನ್ನೇ ಇಟ್ಟುಕೊಂಡರು.

ಮೊದಲ ದಿನವೇ ಮೂರನೇ ತರಗತಿಯ ಮಕ್ಕಳು ಹನ್ನೆರಡನೇ ಕೋಣೆಯ ಮುಂದೆ ನಿಂತುಬಿಟ್ಟರು. ಟೆಸ್ಸಾ ಗೋಡೆಗೆ ಬೆನ್ನು ಒತ್ತಿ ನಿಂತಿದ್ದಳು.

“ಒಳಗೆ ಯಾರೋ ಇದಾರೆ.”

“ಯಾರಿದಾರೆ? ನೋಡು, ಬರೀ ಬೆಂಚು,” ಎಂದು ಕೆಂಟ್ ದೀಪ ಹಾಕಿ ತೋರಿಸಿದರು. ಅವಳು ಇನ್ನಷ್ಟು ಹಿಂದೆ ಸರಿದಳು.

ಆರ್ಡಿಸ್ ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಬಂದಳು. “ಕಿಟಕಿ ಹತ್ರ ಕೂತಿದಾರಾ?”

ಟೆಸ್ಸಾ ಹೌದೆಂದು ತಲೆಯಾಡಿಸಿದಳು.

“ಹಾಗಾದ್ರೆ ಗುಡ್ರುನ್ ಲಾಫ್ಟಸ್ ಅವ್ರೇ. ಪಿಯಾನೊ ಹೇಳಿಕೊಡ್ತಿದ್ರು. ಹನ್ನೊಂದು ವರ್ಷ ಇದೇ ಕೋಣೇಲಿದ್ರು. ತಟ್ಟದೆ ನುಗ್ಗಿದ್ರೆ ಅವ್ರಿಗೆ ಆಗ್ತಿರ್ಲಿಲ್ಲ, ನಾನೂ ಬೈಸ್ಕೊಂಡಿದೀನಿ. ತಟ್ಟಿ ನಿನ್ ಹೆಸ್ರು ಹೇಳು. ಕೋಣೆ ಅವ್ರದು. ನಾವು ಬಂದಿರೋ ನೆಂಟರು ಅಷ್ಟೆ.”

ಟೆಸ್ಸಾ ತಟ್ಟಿ ಹೆಸರು ಹೇಳಿದಳು. ಸ್ವಲ್ಪ ಹೊತ್ತು ಕಾದಳು. ಆಮೇಲೆ ಒಳಗೆ ಹೋಗಿ ಕಿಟಕಿಯ ಪಕ್ಕದ ಬೆಂಚನ್ನೇ ಆರಿಸಿಕೊಂಡಳು.

ಅಕ್ಟೋಬರ್ ಹೊತ್ತಿಗೆ ಎಲ್ಲ ಕೋಣೆಗಳಿಗೂ ಒಡೆಯರು ಸಿಕ್ಕಿದ್ದರು. ಮಕ್ಕಳು ಮನೆಯ ಹಿರಿಯರನ್ನು ಕೇಳಿ, ಹಿಂದೆ ಆ ಕೋಣೆಗಳಲ್ಲಿದ್ದು ತೀರಿಹೋದವರ ಕತೆಗಳನ್ನು ಬರೆದು ತಂದರು. ಅಕ್ಷರ ತಡವರಿಸುತ್ತಿದ್ದ ಚಿಕ್ಕವರು ಆ ಹೆಸರುಗಳನ್ನು ಕೂಡಿಸಿ ಓದುತ್ತ ಓದು ಕಲಿತರು. ನಾಲ್ಕನೇ ಕೋಣೆಯ ಎಲ್ಮರ್‌ಗೆ ಸೊಂಟ ಮುರಿದಿತ್ತೆಂದು ತಿಳಿದ ಮೇಲೆ ಪಡಸಾಲೆಯಲ್ಲಿ ಯಾರೂ ಯಾರನ್ನೂ ತಳ್ಳಲಿಲ್ಲ. ಮನೆ ಕಳೆದುಕೊಂಡ ಇನ್ನೊಂದು ಮಗು ನಡುವೆ ಬಂದು ಸೇರಿದಾಗ, ಉಳಿದವರೇ ಅದರ ಕೈಹಿಡಿದು ಬಾಗಿಲು ಬಾಗಿಲಿಗೂ ಪರಿಚಯ ಮಾಡಿಸಿದರು. ಇಪ್ಪತ್ತು ವರ್ಷದಲ್ಲಿ ಕೆಂಟ್ ಇಂಥ ಶಾಲೆಯನ್ನು ಕಂಡಿರಲಿಲ್ಲ. ಒಂದು ಮಾತ್ರ ಅವರಿಗೆ ಹಿಡಿಸುತ್ತಿರಲಿಲ್ಲ. ತಟ್ಟಿದ ಮೇಲೆ ಮಕ್ಕಳು ಕಾಯುತ್ತಿದ್ದರು. ಆಮೇಲೆ, ಯಾರೂ ಸನ್ನೆ ಮಾಡದೆ, ಇಡೀ ತರಗತಿ ಒಂದೇ ಕ್ಷಣಕ್ಕೆ ಹೆಜ್ಜೆ ಎತ್ತುತ್ತಿತ್ತು.

*

ಪ್ರಾರ್ಥನೆಯ ನಂತರ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಮಾರ್ಲಿಸ್ ಬಕ್ಕನ್ ಕಾಫಿ ಬಗ್ಗಿಸುತ್ತಿದ್ದಳು. ಅವಳು ಈಗ ಶಾಲೆಯ ಅಡುಗೆಯವಳು. ವೃದ್ಧಾಶ್ರಮವಿದ್ದಾಗಲೂ ಅದೇ ಒಲೆಯ ಮುಂದೆ ನಿಂತವಳು.

“ತಗೊಳ್ಳಿ ಹೆಡ್ಮಾಷ್ಟ್ರೆ, ಬಿಸಿಯಾಗಿದೆ. ನೀವು ಆರ್ಡಿಸ್‌ಗೆ ಬರ್ದ ಕಾಗದದ ಥರ ತಣ್ಣಗಿಲ್ಲ.”

ಕೆಂಟ್ ಕಪ್ ತೆಗೆದುಕೊಂಡು ಕೂತರು. ಎದುರಿಗೆ ಟೆಸ್ಸಾಳ ತಾಯಿ ಜೋಲೀನ್ ಮುಟ್ಟದ ತಟ್ಟೆಯ ಮುಂದೆ ಕೂತಿದ್ದಳು.

“ಅವ್ರನ್ಯಾಕೆ ಅಂತೀರಿ,” ಎಂದಳು. “ದೂರು ಕೊಟ್ಟೋಳು ನಾನು. ಮಗಳು ಊಟಕ್ಕೆ ಕೂತು ಸತ್ತೋರ ಸುದ್ದಿ ಹೇಳಿದ್ರೆ ಯಾವ ತಾಯಿಗೆ ಭಯ ಆಗಲ್ಲ? ಒಂದಿನ ಕೇಳ್ದೆ, ಆ ಗುಡ್ರುನ್ ನಿಂಗೇನು ಹೇಳ್ತಾರೆ ಅಂತ. ‘ನೀರು ಬಂದಾಗ ನಮ್ಮನೆ ಪಿಯಾನೊ ತಾನೇ ಹಾಡ್ತಿತ್ತಂತೆ’ ಅಂದ್ಲು.”

“ಮಕ್ಕಳು ಏನೇನೋ ಅಂತಾವೆ,” ಎಂದಳು ಮಾರ್ಲಿಸ್.

“ಹಾಡ್ತಿತ್ತು ಮಾರ್ಲಿಸ್. ಅವ್ಳನ್ನ ಮೊದ್ಲೇ ದೋಣಿ ಹತ್ಸಿ ಕಳ್ಸಿದ್ದೆ. ನಾನೊಬ್ಳೇ ಮೆಟ್ಲ ಮೇಲೆ ನಿಂತಿದ್ದೆ. ಅದು ತೇಲಿ ತೇಲಿ ಗೋಡೆಗೆ ಬಡಿಯೋದು, ಒಳಗಿಂದ ನುಡಿಯೋದು. ಯಾರಿಗೂ ಹೇಳಿರ್ಲಿಲ್ಲ ನಾನು. ಒಬ್ರಿಗೂ.”

ಮಾರ್ಲಿಸ್ ಕಾಫಿ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. “ಆ ಪಿಯಾನೊ ಶ್ರುತಿ ಮಾಡ್ತಿದ್ದೋಳೇ ಗುಡ್ರುನ್,” ಎಂದಳು ಮೆಲ್ಲಗೆ. “ನಿನ್ ಮದುವೆಗೆ ಮುಂಚೆ.”

“ಪ್ರವಾಹ ಆದ್ಮೇಲೆ ನನ್ ಮಗಳು ನೆಮ್ಮದಿಯಾಗಿ ನಿದ್ದೆ ಮಾಡಿದ್ದೇ ಆ ನಾಲ್ಕು ತಿಂಗ್ಳು. ನಾನೇ ಕಿತ್ಕೊಂಡೆ.”

*

ಜನವರಿಯಲ್ಲಿ ಕೆಂಟ್ ಆರ್ಡಿಸ್‌ಳನ್ನು ಕರೆದು ಕಾಗದ ಕೊಟ್ಟಿದ್ದರು. “ತಟ್ಟೋದು, ಹೆಸ್ರು ಹೇಳೋದು, ಇನ್ನು ಅದೆಲ್ಲ ಬೇಡ. ಆಡಳಿತ ಮಂಡಳಿ ಹೇಳಿದೆ.”

ಅವಳು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟಳು. “ಸರಿ. ಮಕ್ಕಳಿಗೆ ನಾನು ಹೇಳ್ತೀನಿ. ಒಳಗಿರೋರಿಗೆ ನೀವೇ ಹೇಳಿ.”

ಕೆಂಟ್ ನಕ್ಕರು. ಅವಳು ನಗಲಿಲ್ಲ.

“ಅವ್ರನ್ನ ಎಬ್ಬಿಸಿದೀನಿ, ಮೈ ತೊಳ್ದಿದೀನಿ, ಕೊನೇಗೆ ಕಣ್ಣು ಮುಚ್ಚಿದೀನಿ. ಬಾಗ್ಲು ತೆಗೀವಾಗ ಒಂದು ಮಾತಾಡ್ದೆ ಇದ್ರೆ ಅವ್ರಿಗೆ ಹೇಗಾಗುತ್ತೆ ಅನ್ನೋದು ನಂಗೊತ್ತು. ಬೇರೇನೂ ಗೊತ್ತಿಲ್ಲ ನಂಗೆ.”

ಕೆಂಟ್ ಯಾವ ಕೋಣೆಯಲ್ಲೂ ಏನನ್ನೂ ಹೇಳಲಿಲ್ಲ. ಮಕ್ಕಳು ತಟ್ಟುವುದನ್ನು ಬಿಟ್ಟರು. ಎರಡನೆಯ ದಿನದಿಂದ ಕೋಣೆಗಳು ಬೆಚ್ಚಗಾಗಲಿಲ್ಲ. ಬಾಯ್ಲರ್ ನೋಡಿದವರು ಅದು ಚೆನ್ನಾಗಿಯೇ ಇದೆ ಎಂದರು. ಮಕ್ಕಳು ಕೋಟು ತೊಟ್ಟೇ ಲೆಕ್ಕ ಮಾಡಿದರು. ಗೋಡೆಯ ಬದಿಗೆ ಕೂರಲು ಯಾರೂ ಒಪ್ಪದೆ, ಬೆಂಚುಗಳು ದಿನಕ್ಕಿಷ್ಟು ಸರಿಯುತ್ತ ಕೋಣೆಯ ನಡುವಿಗೆ ಬಂದು ಗುಂಪಾದವು.

ಹತ್ತನೆಯ ದಿನ ಬೆಳಿಗ್ಗೆ ಮಾರ್ಲಿಸ್ ಬಂದಾಗ ಹನ್ನೆರಡನೇ ಕೋಣೆ ಬೆಚ್ಚಗಿತ್ತು. ಕಿಟಕಿಯ ಹತ್ತಿರ, ಮಕ್ಕಳ ಪುಟ್ಟ ಕುರ್ಚಿಯಲ್ಲಿ, ಆರ್ಡಿಸ್ ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದಳು. ಹೃದಯ ನಿಂತಿದೆ ಎಂದರು ಡಾಕ್ಟರು. ಅವಳೆದುರಿಗೆ ಇನ್ನೊಂದು ಕುರ್ಚಿಯನ್ನು ಯಾರೋ ಹತ್ತಿರಕ್ಕೆ ಎಳೆದುಕೊಂಡಿದ್ದ ಹಾಗಿತ್ತು.

*

ಫೆಬ್ರವರಿಯ ನೆಲ ಕಲ್ಲಾಗಿತ್ತು. ಚಳಿಗಾಲದಲ್ಲಿ ಸತ್ತವರು ಮಣ್ಣು ಸಡಿಲಾಗುವವರೆಗೆ ಸ್ಮಶಾನದ ಅಂಚಿನ ಕಲ್ಲುಮನೆಯಲ್ಲಿ ಕಾಯಬೇಕು. ಪೆಟ್ಟಿಗೆಯನ್ನು ಒಳಗಿಟ್ಟು, ಸ್ಮಶಾನ ನೋಡಿಕೊಳ್ಳುವ ಆರ್ಲೋ ಕಬ್ಬಿಣದ ಬಾಗಿಲು ಎಳೆಯುವಾಗ ಟೆಸ್ಸಾ ಮುಂದೆ ಬಂದಳು.

“ಒಳಗೆ ಇನ್ಯಾರಿದಾರೆ?”

ಆರ್ಲೋ ಹೆಡ್‌ಮಾಸ್ಟರರ ಮುಖ ನೋಡಿದ. ಕೆಂಟ್ ಬಾಯಿ ತೆರೆಯುವಷ್ಟರಲ್ಲಿ ಜೋಲೀನ್ ಅವರ ತೋಳು ಹಿಡಿದಳು. “ಬಿಡಿ ಸರ್,” ಎಂದಳು. “ಸೋಮವಾರದಿಂದ ಶಾಲೇಲೂ ತಟ್ಟಲಿ.”

ಕೆಂಟ್ ಆಗಲೆಂದು ತಲೆಯಾಡಿಸಿದರು.

“ಇಬ್ರಿದಾರೆ ಕಣಮ್ಮ,” ಎಂದ ಆರ್ಲೋ. “ಕ್ಲಿಫರ್ಡ್ ಎಂಗರ್ ಅಂತ, ಡಿಸೆಂಬರ್‌ನಿಂದ ಇದಾರೆ. ಇನ್ನೊಬ್ರು ಬರ್ನಿಸ್ ಆಸ್.”

ಟೆಸ್ಸಾ ಬಾಗಿಲ ಸಂದಿಗೆ ಮುಖವಿಟ್ಟಳು. “ಕ್ಲಿಫರ್ಡ್ ಅವ್ರೇ, ಬರ್ನಿಸ್ ಅವ್ರೇ, ಇವರು ಆರ್ಡಿಸ್ ಅಂತ. ನಮ್ಮ ಶಾಲೆಯವರು. ಜಾಸ್ತಿ ಮಾತಾಡಲ್ಲ, ಆದ್ರೆ ಕೋಪ ಇಲ್ಲ. ಹಿಮ ಕರಗೋವರೆಗೂ ಜೊತೇಲಿರ್ತಾರೆ.”

ನಲವತ್ತೊಂದು ಮಕ್ಕಳೂ ತಲೆ ಒಂದಿಷ್ಟು ಓರೆ ಮಾಡಿ ಕಾದರು. ಗಾಳಿಯೂ ಇರಲಿಲ್ಲ. ಒಬ್ಬರು ಒಂದು ಸಣ್ಣ ಉತ್ತರ ಕೊಡಲು ಬೇಕಾಗುವಷ್ಟು ಹೊತ್ತು ಕಳೆಯಿತು. ಆಮೇಲೆ ಎಲ್ಲರೂ ಒಟ್ಟಿಗೆ ತಿರುಗಿ ಬಸ್ಸಿನ ಕಡೆ ನಡೆದರು. ಜೋಲೀನ್ ಅವರ ಹಿಂದೆ ಹೋದಳು.

ಆರ್ಲೋ ಬೀಗ ಹಾಕಿದ. ಕೆಂಟ್ ಒಬ್ಬರೇ ತಮ್ಮ ಕಾರಿನತ್ತ ಹೊರಟರು. ಹಿಮ ಕೆತ್ತಿ ಮಾಡಿದ್ದ ಕಾಲುದಾರಿ ಒಬ್ಬರಿಗಾಗುವಷ್ಟೇ ಅಗಲವಿತ್ತು. ಬಸ್ಸು ಬೇಲಿಯಾಚೆ ನಿಧಾನವಾಗಿ ಹಾದುಹೋಯಿತು. ಕಿಟಕಿಗಳಲ್ಲಿ ಮಕ್ಕಳು ಕೈಬೀಸುತ್ತಿದ್ದರು. ಕೆಂಟ್ ತಾವೂ ಕೈ ಎತ್ತಿದರು. ಆಗ ಅವರಿಗೆ ಕಂಡಿತು: ಒಂದು ಮಗುವಿನ ಕಣ್ಣೂ ತಮ್ಮ ಮೇಲಿರಲಿಲ್ಲ. ಎಲ್ಲರೂ ನೋಡುತ್ತಿದ್ದುದು ಅವರ ಬೆನ್ನ ಹಿಂದೆ, ಭುಜಕ್ಕಿಂತ ಸ್ವಲ್ಪ ಕೆಳಗೆ.

ಕೆಂಟ್ ತಿರುಗಿ ನೋಡಲಿಲ್ಲ. ಎತ್ತಿದ ಕೈಯನ್ನು ಇಳಿಸಿ, ಟೋಪಿ ತೆಗೆದು, ಮೊಣಕಾಲವರೆಗಿನ ಹಿಮದೊಳಕ್ಕೆ ಒಂದು ಹೆಜ್ಜೆ ಇಳಿದು, ದಾರಿ ಬಿಟ್ಟು ನಿಂತರು.