ಡಾಕ್ಟ್ರಮ್ಮನ ಡಬ್ಬಿ

ಆಸ್ಪತ್ರೆಯ ಪರದೆಯ ಕೆಳಗೆ ನನ್ನ ರೂಮಿನ ಗುಬ್ಬಿಯ ಒಂದೇ ಚಪ್ಪಲಿ, ಇನ್ನೊಂದು ಹಾಸ್ಟೆಲ್ ಮೆಟ್ಟಿಲ ಮೇಲೆಯೇ ಬಿದ್ದಿರಬೇಕು, ಅವಳನ್ನು ಎತ್ತಿಕೊಂಡು ಓಡುವಾಗ ಅದನ್ನೆಲ್ಲ ಯಾರು ನೋಡಿದರು — ಒಳಗೆ ಏನನ್ನೋ ಗಡಗಡ ಎಳೆದರು, ನರ್ಸ್ ಮತ್ತೆ ತಲೆ ಹೊರಗೆ ಹಾಕಿ, ಏನಮ್ಮಾ, ನೀನು ಕೊಟ್ಟ ಮಾತ್ರೆ ಹೆಸ್ರು ನೆನಪಾಯ್ತಾ, ಗೊತ್ತಿಲ್ದೆ ನಾವೂ ಅದೇ ಥರದ್ದು ಕೊಟ್ಬಿಟ್ರೆ ಏನ್ಗತಿ, ಇಲ್ಲ ಸಿಸ್ಟರ್, ಬಿಳೀದು, ಉದ್ದಕ್ಕಿತ್ತು, ಮಧ್ಯೆ ಒಂದು ಗೆರೆ, ಅಯ್ಯೋ ತಾಯಿ, ಬಿಳೀ ಮಾತ್ರೆಗೇನು ಬರಗಾಲವಾ, ಅಂದು ಒಳಗೆ ಹೋದಳು. ಹೆಸರಿದ್ದದ್ದು ಮಾತ್ರೆ ಶೀಟಿನ ಆ ತುದಿಯಲ್ಲಿ, ಆ ತುದಿಯ ಮಾತ್ರೆಗಳನ್ನು ಹಿಂದೆ ಗಂಟಲು ನೋವು ಬಂದಾಗ ನುಂಗಿ ಆ ತುಂಡನ್ನು ಎಸೆದವಳು ನಾನು, ನೋವು ಹೋಯಿತಲ್ಲ ಅಂತ ಉಳಿದದ್ದನ್ನು ಕತ್ತರಿಸಿ ಡಬ್ಬಿಯಲ್ಲಿಟ್ಟವಳೂ ನಾನೇ, ಜಾಣೆ, ಮಹಾ ಜಾಣೆ, ಓದುವುದು ಅರ್ಥಶಾಸ್ತ್ರ, ಹಾಸ್ಟೆಲಿಗೆಲ್ಲ ಡಾಕ್ಟ್ರಮ್ಮ, ತಲೆನೋವಾ ಬಾ, ಹೊಟ್ಟೆನೋವಾ ಬಾ, ಎಷ್ಟು ಹಿಗ್ಗುತ್ತಿದ್ದೆ, ಥೂ ನನ್ನ ಜನ್ಮಕ್ಕೆ.

ಗುಬ್ಬಿ ಹೇಳಿದ್ದಳಲ್ಲ, ಜ್ವರ, ಗಂಟಲು ನೋವು ಅಂತ ಹೊದಿಕೆಯೊಳಗೆ ಮುದುರಿಕೊಂಡು, ಚಿಕ್ಕೋಳಿದ್ದಾಗ ನಂಗೆ ಯಾವ್ದೋ ಮಾತ್ರೆ ಆಗ್ದೆ ಮೈಯೆಲ್ಲ ದದ್ದು ಎದ್ದಿತ್ತಂತೆ ಕಣೇ, ಅಮ್ಮಂಗೆ ಒಂದ್ಮಾತು ಕೇಳ್ಲಾ, ನಾನೇನಂದೆ, ಎಲ್ಲದಕ್ಕೂ ಅಮ್ಮನ ಸೆರಗು ಹಿಡ್ಕೋತೀಯಲ್ಲೇ, ನನ್ನ ಗಂಟಲಿಗೆ ಆದದ್ದು ನಿನ್ನ ಗಂಟಲಿಗೆ ಆಗಲ್ವಾ, ಸುಮ್ನೆ ನುಂಗು. ನುಂಗಿದಳು. ಬಾಯಿ ಅಗಲಿಸಿ, ನಾಲಿಗೆ ಚಾಚಿ, ನೋಡು ಡಾಕ್ಟ್ರಮ್ಮ, ಖಾಲಿ, ಅಂತ ನಕ್ಕಳು. ಆಮೇಲೆ ತುಟಿ ದಪ್ಪಗಾಯಿತು, ಏನೇ ಇದು ಅಂದಳು, ಆಮೇಲೆ ಮಾತೇ ಹೊರಡಲಿಲ್ಲ, ಉಸಿರು ಮಾತ್ರ ಸುಂಯ್ ಸುಂಯ್ — ಈಗ ಪರದೆಯ ಹಿಂದೆ ಆ ಸದ್ದೂ ಕೇಳುತ್ತಿಲ್ಲ, ಕೇಳದಿದ್ದರೆ ಒಳ್ಳೆಯದಾ, ಕೆಟ್ಟದ್ದಾ, ಯಾರನ್ನು ಕೇಳಲಿ, ನನಗೆ ಏನೂ ಗೊತ್ತಿಲ್ಲ, ಏನೇನೂ ಗೊತ್ತಿಲ್ಲ.

ಕೈಯಲ್ಲಿ ಅವಳ ಫೋನು ನಡುಗುತ್ತಿದೆ, ಅಮ್ಮ, ಅಮ್ಮ ಅಂತ ತೋರಿಸುತ್ತಿದೆ, ಆಂಟಿಗೆ, ಚಿಕ್ಕಂದಿನಲ್ಲಿ ಇವಳಿಗೆ ಆಗದ ಆ ಮಾತ್ರೆಯ ಹೆಸರು ಗೊತ್ತಿರುತ್ತದೆ, ಎತ್ತಬೇಕು, ಎತ್ತಿದರೆ ನಾನೇ ಕೊಟ್ಟದ್ದು ಅಂತ ಹೇಳಬೇಕು, ರಿಂಗು ನಿಂತುಹೋಯಿತು, ದೇವರೇ, ಮತ್ತೆ ಬಂತು, ಎತ್ತಿದೆ — ಪುಟ್ಟಾ, ಜ್ವರ ಬಿಡ್ತಾ, ಮಾತ್ರೆಗೀತ್ರೆ ಏನಾದ್ರೂ ತಗೊಂಡ್ಯಾ, ಯಾಕೇ ಸುಮ್ನಿದ್ದೀಯ, ಬಾಯ್ಬಿಟ್ಟು ಹೇಳೇ — ಬಾಯಿ ಬಿಟ್ಟೆ, ಕಣ್ಣ ಮುಂದೆ ಗುಬ್ಬಿ ಬಾಯಿ ಅಗಲಿಸಿದ್ದಾಳೆ, ನಾಲಿಗೆ ಚಾಚಿದ್ದಾಳೆ, ನೋಡು, ಖಾಲಿ — ಹೇಳೇ ಪುಟ್ಟಾ — ನಾಲಿಗೆ, ಗುಲಾಬಿ ನಾಲಿಗೆ, ನೋಡು ಡಾಕ್ಟ್ರಮ್ಮ, ನೋಡು